ಕಾಫಿ ಸೀಮೆಯಿಂದ ಹವಳದ ದ್ವೀಪಕ್ಕೆ: ಹೊರಡುವ ಮುಂಚೆ ಊರಲ್ಲೇ ಮಾಡಬೇಕಾದ ತಯಾರಿ

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಕಾಲೇಜು ಮಕ್ಕಳು ಈಗೀಗ ಜಾಸ್ತಿ ಕೇಳುವ ಪ್ರಶ್ನೆ ಒಂದಿದೆ. "ಅಂಡಮಾನ್‌ನಲ್ಲೋ ಲಕ್ಷದ್ವೀಪದಲ್ಲೋ ಹವಳ, ಆಮೆ ಅಂತ ಸಂಶೋಧನೆ ಮಾಡ್ತಾರಲ್ಲ, ಅಂಥ ಕಡೆ ನಾವೂ ಹೋಗಿ ಒಂದೆರಡು ತಿಂಗಳು ಕೆಲಸ ಮಾಡಬಹುದಾ?" ಮಾಡಬಹುದು. ಅದಕ್ಕೆ ಕಡಲ ತೀರದಲ್ಲೇ ಹುಟ್ಟಿರಬೇಕು ಅಂತೇನಿಲ್ಲ. ಆದರೆ ಸುಮ್ನೆ ಟಿಕೆಟ್ ತೆಗೆದು ಹೊರಟರೆ ಅಲ್ಲಿನವರಿಗೂ ಕಷ್ಟ, ನಿಮಗೂ ಬೇಜಾರು. ನನ್ನ ಪ್ರಕಾರ ಮುಕ್ಕಾಲು ಪಾಲು ತಯಾರಿ ತೋಟದಲ್ಲೇ ಮುಗಿಯುತ್ತದೆ. ಉಳಿದ ಕಾಲು ಪಾಲಿಗೆ ಘಟ್ಟ ಇಳಿಯಬೇಕು.

ಎಲ್ಲಿಗೆ ಹೋಗುವುದು?

ನಮ್ಮ ದೇಶದಲ್ಲಿ ಇಂಥ ಕೆಲಸ ನಡೆಯುವ ದ್ವೀಪಗಳು ಮುಖ್ಯವಾಗಿ ಎರಡು ಕಡೆ ಇವೆ.

ಒಂದು ಅಂಡಮಾನ್. ದಕ್ಷಿಣ ಅಂಡಮಾನಿನ ವಂಡೂರಿನಲ್ಲಿ ಎಎನ್‌ಇಟಿ (ಅಂಡಮಾನ್ ನಿಕೋಬಾರ್ ಪರಿಸರ ತಂಡ) ಎಂಬ ಕ್ಷೇತ್ರ ಕೇಂದ್ರ ಇದೆ. ಇದನ್ನು ಶುರು ಮಾಡಿದ್ದು ಮದ್ರಾಸ್ ಮೊಸಳೆ ಬ್ಯಾಂಕ್ ಎಂಬ ಸರೀಸೃಪ ಸಂರಕ್ಷಣಾ ಸಂಸ್ಥೆಯವರು. ಈಗ ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಇದರ ಜೊತೆ ಕೆಲಸ ಮಾಡುತ್ತದೆ. 1983ರಲ್ಲಿ ಘೋಷಣೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಪಕ್ಕದಲ್ಲೇ ಇದೆ. ಲಿಟ್ಲ್ ಅಂಡಮಾನ್ ದ್ವೀಪದಲ್ಲಿ ಮೊಟ್ಟೆ ಇಡಲು ಬರುವ ಲೆದರ್‌ಬ್ಯಾಕ್ ಆಮೆಗಳ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯವರೂ ದಕ್ಷಿಣ್‌ನವರೂ ವರ್ಷಗಳಿಂದ ಕಣ್ಣಿಟ್ಟಿದ್ದಾರೆ. ಉಪಗ್ರಹ ಟ್ಯಾಗ್ ಹಾಕಿ ಬಿಟ್ಟ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾ ಕಡೆ ಹೋದರೆ ಕೆಲವು ಆಫ್ರಿಕಾ ಕಡೆ ಈಜಿದವು.

ಇನ್ನೊಂದು ಲಕ್ಷದ್ವೀಪ. 36 ದ್ವೀಪ, ಜನ ಇರುವುದು 10ರಲ್ಲಿ, ಎಲ್ಲಾ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ಇಲ್ಲಿನ ಹವಳ ದಿಬ್ಬಗಳನ್ನು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಅಳೆಯುತ್ತಾ ಬಂದಿದ್ದಾರೆ. ಅಂದಹಾಗೆ ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ಮಂಗಳೂರಿನ ಆಡಳಿತಕ್ಕೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳಲ್ಲಿ ತರಕಾರಿ, ಜಲ್ಲಿ, ಮರಳು ಅಲ್ಲಿಗೆ ಹೋಗುತ್ತದೆ. ನಾವು ಅಂದುಕೊಂಡಷ್ಟು ದೂರದ ಜಾಗ ಅದಲ್ಲ.

ಅಂದರೆ ಅರ್ಜಿ ಹಾಕಲು ದೆಹಲಿ, ಮುಂಬೈ ಅಂತ ಓಡಬೇಕಿಲ್ಲ. ದ್ವೀಪಗಳಲ್ಲಿ ಕೆಲಸ ಮಾಡುವವರ ಕಚೇರಿ ಬೆಂಗಳೂರಲ್ಲಿದೆ, ಮೈಸೂರಲ್ಲಿದೆ.

ಮೊದಲು ಈಜು

ಈಜು ಬರದವರಿಗೂ ಕೆಲಸ ಇರುತ್ತದೆ. ಕಡಲ ತೀರದಲ್ಲಿ ಆಮೆ ಕಾಯುವುದು, ಮೀನುಗಾರರ ಹತ್ತಿರ ಮಾಹಿತಿ ಕೇಳಿ ಬರೆಯುವುದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಲೆಕ್ಕ. ಆದರೆ ದ್ವೀಪದಲ್ಲಿ ದೋಣಿ ಹತ್ತದೆ ದಿನ ಕಳೆಯುವುದಿಲ್ಲ. ಹಾಗಾಗಿ ಕಲಿತುಬಿಡಿ. ಗುರಿ ಸ್ಪಷ್ಟವಾಗಿರಲಿ: ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಡೈವಿಂಗ್‌ನ ಮೊದಲ ಕೋರ್ಸ್‌ಗೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ಕೈಕಾಲು ಜಾಸ್ತಿ ಆಡಿಸದೆ ತೇಲಬೇಕು. ವೇಗ ಯಾರೂ ಕೇಳುವುದಿಲ್ಲ.

ಕಲಿಯುವುದು ಈಜುಕೊಳದಲ್ಲಿ, ಹೇಳಿಕೊಡುವವರ ಎದುರು. ಗೊರೂರು ಹಿನ್ನೀರು, ಅಯ್ಯನಕೆರೆ, ತೋಟದ ಕೃಷಿಹೊಂಡ ಇವು ಯಾವುದೂ ಬೇಡ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ದಡ ಎಷ್ಟು ಜಾರುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ. ಈಜು ಬರುವವರೇ ಅದರಿಂದ ಮೇಲೆ ಹತ್ತಲಾಗದೆ ಮುಳುಗುತ್ತಾರೆ.

ತೋಟದಲ್ಲಿ ಎಣಿಸಲು ಕಲಿಯಿರಿ

ಇದು ಇಡೀ ತಯಾರಿಯ ಮುಖ್ಯ ಭಾಗ. ಸ್ವಲ್ಪ ನಿಧಾನವಾಗಿ ಓದಿ.

ಹವಳ ದಿಬ್ಬದ ಆರೋಗ್ಯ ಅಳೆಯುವ ವಿಧಾನ ಕೇಳಿದರೆ ಆಶ್ಚರ್ಯ ಆಗುವಷ್ಟು ಸರಳ. ನೀರಿನಡಿ ಒಂದು ಟೇಪ್ ಎಳೆಯುತ್ತಾರೆ. ಇಂತಿಷ್ಟು ಅಂತರಕ್ಕೆ ಒಂದೊಂದು ಬಿಂದು. ಪ್ರತಿ ಬಿಂದುವಿನ ಕೆಳಗೆ ಏನಿದೆ ಅಂತ ಬರೆಯುತ್ತಾರೆ: ಜೀವಂತ ಹವಳವಾ, ಸತ್ತ ಹವಳವಾ, ಪಾಚಿಯಾ, ಮರಳಾ. ಆಮೇಲೆ ಶೇಕಡಾವಾರು ಲೆಕ್ಕ. ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿಯಲ್ಲಿ 1998ರಲ್ಲಿ ಶೇ. 37ರ ಆಸುಪಾಸು ಇದ್ದ ಜೀವಂತ ಹವಳ 2022ಕ್ಕೆ ಶೇ. 19ರ ಹತ್ತಿರ ಬಂದಿದೆ ಎಂಬುದು ಗೊತ್ತಾಗಿದ್ದು ಯಾವುದೋ ದೊಡ್ಡ ಯಂತ್ರದಿಂದಲ್ಲ. ಜನ ವರ್ಷ ವರ್ಷ ಹೋಗಿ ಎಣಿಸಿದ್ದರಿಂದ. 1998, 2010, 2016ರಲ್ಲಿ ಕಡಲು ಕಾದು ಹವಳ ಬೆಳ್ಳಗಾದಾಗಲೂ ಎಣಿಸಿದರು, ಚೇತರಿಸಿಕೊಂಡ ವರ್ಷಗಳಲ್ಲೂ ಎಣಿಸಿದರು.

ಇದೇ ಕೆಲಸವನ್ನು ಕಾಫಿ ಗಿಡಗಳ ಮಧ್ಯೆ ಮಾಡಿ. ಜಮೀನು ಅಳೆಯುವ 50 ಮೀಟರ್ ಟೇಪ್ ಮನೆಯಲ್ಲೋ ಪಕ್ಕದ ತೋಟದಲ್ಲೋ ಇದ್ದೇ ಇರುತ್ತದೆ. ಅದನ್ನು ತೋಟದ ಒಂದು ಕಡೆಯಿಂದ ನೇರಕ್ಕೆ ಎಳೆಯಿರಿ. ಗಿಡ ಅಡ್ಡ ಬಂದರೆ ಬುಡದ ಪಕ್ಕ ಹಾಯಿಸಿ. ಈಗ ಅರ್ಧ ಮೀಟರಿಗೆ ಒಂದರಂತೆ 0.5, 1, 1.5 ಅಂತ 50ರವರೆಗೆ ನಿಲ್ಲುತ್ತಾ ಹೋಗಿ. ಒಟ್ಟು 100 ಬಿಂದು. ಟೇಪಿನ ಅಂಚಿನಿಂದ ನೇರ ಕೆಳಗೆ ನೋಡಿ, ಅಲ್ಲಿ ಏನಿದೆಯೋ ಅದನ್ನಷ್ಟೇ ಬರೆಯಿರಿ. ತರಗೆಲೆಗೆ "ತ", ಬರಿ ಮಣ್ಣಿಗೆ "ಮ", ಕಳೆಗೆ "ಕ", ಕಲ್ಲಿಗೆ "ಲ", ಗಿಡದ ಬುಡಕ್ಕೆ "ಬ", ಹೀಗೆ ಒಂದೊಂದು ಅಕ್ಷರ ಸಾಕು. ಬಿಂದು 100 ಇರುವುದರಿಂದ ಲೆಕ್ಕ ಹಾಕುವ ತಲೆನೋವೇ ಇಲ್ಲ. "ತ" 61 ಬಂದರೆ ತರಗೆಲೆ ಶೇ. 61, ಅಷ್ಟೇ.

ಕಷ್ಟ ಎಲ್ಲಿ ಶುರುವಾಗುತ್ತದೆ ಗೊತ್ತಾ? ಬಿಂದು ಬರಿ ಮಣ್ಣಿನ ಮೇಲೆ ಬಿದ್ದಿರುತ್ತದೆ, ಎರಡು ಬೆರಳು ಆಚೆ ಚಂದದ ಅಣಬೆ ಇರುತ್ತದೆ. ಕೈ ಅಣಬೆ ಅಂತಲೇ ಬರೆಯಲು ಹೋಗುತ್ತದೆ. ಬರೆಯಬೇಡಿ. ನೀರಿನಡಿಯಲ್ಲಿ ಇದೇ ಆಸೆ ಹತ್ತು ಪಟ್ಟು. ಸತ್ತ ಹವಳದ ಪಕ್ಕ ಬಣ್ಣದ ಹವಳ ಕಂಡರೆ ಕಣ್ಣು ಅತ್ತಲೇ ಜಾರುತ್ತದೆ. ಹಾಗೆ ಜಾರಿದ ಕಣ್ಣುಗಳ ಲೆಕ್ಕ ಇಟ್ಟುಕೊಂಡು ದಿಬ್ಬ ಚೆನ್ನಾಗಿದೆ ಅಂತ ವರದಿ ಬರೆದರೆ ಏನು ಪ್ರಯೋಜನ?

ಇನ್ನೊಂದು ಅಭ್ಯಾಸ: ಅದೇ ಟೇಪನ್ನು ಅಲುಗಿಸದೆ ನಿಮ್ಮ ಸ್ನೇಹಿತರಿಂದಲೂ ಎಣಿಸಿಸಿ. ನಿಮ್ಮ ಹಾಳೆ ಅವರಿಗೆ ತೋರಿಸಬೇಡಿ. ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಡಿ. ವ್ಯತ್ಯಾಸ ಬಂದೇ ಬರುತ್ತದೆ. ಅರ್ಧ ಕೊಳೆತ ಎಲೆಯನ್ನು ನೀವು ಎಲೆ ಅಂದಿರುತ್ತೀರಿ, ಅವರು ಮಣ್ಣು ಅಂದಿರುತ್ತಾರೆ. ಯಾವುದನ್ನು ಏನೆಂದು ಕರೆಯುವುದು ಅಂತ ಇಬ್ಬರೂ ಕೂತು ಒಪ್ಪಂದ ಮಾಡಿ, ಬರೆದಿಟ್ಟು, ಮತ್ತೆ ಎಣಿಸಿ. ಸಂಶೋಧನಾ ಕೇಂದ್ರಗಳಲ್ಲೂ ಹೊಸಬರಿಗೆ ಮೊದಲು ಮಾಡಿಸುವ ಕೆಲಸ ಹೆಚ್ಚುಕಡಿಮೆ ಇದೇ.

ಮೀನು ಎಣಿಸುವ ಅಭ್ಯಾಸಕ್ಕೆ ಹಕ್ಕಿ, ಚಿಟ್ಟೆ ಸಾಕು. ನೀರಿನಡಿ 50 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿಯೊಳಗೆ ಕಂಡ ಮೀನುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ರೂಢಿ. ತೋಟದಲ್ಲಿ ಟೇಪಿನ ಆಚೆ ಈಚೆ ಎರಡೂವರೆ ಮೀಟರ್ ಅಂದಾಜು ಮಾಡಿಕೊಂಡು ನಡೆಯಿರಿ. ಪಟ್ಟಿಯ ಹೊರಗೆ ಮಲಬಾರ್ ಟ್ರೋಗನ್ ಬಂದು ಕೂತರೂ ಲೆಕ್ಕಕ್ಕಿಲ್ಲ. ಫೋಟೊ ಬೇಕಾದರೆ ತೆಗೆದುಕೊಳ್ಳಿ.

ಬರೆಯುವ ಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಿಳಿ ಪಿವಿಸಿ ಹಾಳೆಯ ತುಂಡನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಳಪು ತೆಗೆಯಿರಿ. ಅದರ ಮೇಲೆ ಸಾದಾ ಪೆನ್ಸಿಲ್ ನೀರಿನೊಳಗೂ ಬರೆಯುತ್ತದೆ. ಮೂಲೆಗೆ ತೂತು ಕೊರೆದು ಪೆನ್ಸಿಲನ್ನು ದಾರದಲ್ಲಿ ಕಟ್ಟಿ, ಇಲ್ಲದಿದ್ದರೆ ಅದು ತೇಲಿ ಹೋಗುತ್ತದೆ. ಬಕೆಟ್ ನೀರಲ್ಲಿ ಕೈ ಮುಳುಗಿಸಿ ಬರೆದು ನೋಡಿ. ಅಕ್ಷರ ಎಷ್ಟು ದೊಡ್ಡದಾಗಿ ಬರೆಯಬೇಕು ಅಂತ ಆಗ ತಿಳಿಯುತ್ತದೆ. ಅಳಿಸಲು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಆಯಿತು.

ಘಟ್ಟ ಇಳಿದು ಕಲ್ಲು ದಡ ನೋಡಿ

ಟೇಪು, ಹಲಗೆ ಕೈಗೆ ಒಗ್ಗಿದ ಮೇಲೆ ಕಡಲಿಗೆ ಹೋಗಿ. ಹಾಸನದವರಿಗೆ ಶಿರಾಡಿ ಇಳಿದರೆ ಮಂಗಳೂರು, ಅಲ್ಲಿ ಸೋಮೇಶ್ವರದ ಬಂಡೆಗಳಿವೆ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಇದೆ, ಕುದುರೆಮುಖದ ಮೇಲೆ ಕಾರ್ಕಳ ದಾರಿಯೂ ಇದೆ. ಕಾಪು ದೀಪಸ್ತಂಭದ ಸುತ್ತಲಿನ ಬಂಡೆಗಳು ಕಲಿಯುವವರಿಗೆ ಒಳ್ಳೆಯ ಜಾಗ.

ಹೋಗುವ ದಿನ ಗೊತ್ತುಮಾಡಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಇಳಿತ ಚೆನ್ನಾಗಿರುತ್ತದೆ, ಬಂಡೆಗಳು ಜಾಸ್ತಿ ತೆರೆದುಕೊಳ್ಳುತ್ತವೆ. ಅಷ್ಟಮಿ ಹೊತ್ತಿಗೆ ನೀರು ಅಷ್ಟಾಗಿ ಇಳಿಯುವುದಿಲ್ಲ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿಖರ ಸಮಯಕ್ಕೆ ಉಬ್ಬರ ಇಳಿತದ ಪಟ್ಟಿ ನೋಡಿ. ದೊಡ್ಡ ಅಲೆಯ ಎಚ್ಚರಿಕೆ ಇದೆಯಾ ಅಂತ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯಿಸ್ (INCOIS) ತಾಣದಲ್ಲಿ ನೋಡಿಯೇ ಹೊರಡಿ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ಬಂಡೆ ಹತ್ತಿರ ಇರಬೇಕು. ತಿರುಗಿ ಏರಲು ಶುರುವಾದ ಕೂಡಲೇ ವಾಪಸ್ ಬರಬೇಕು. ಅಲೆಗೆ ಬೆನ್ನು ಹಾಕಿ ಫೋಟೊ ತೆಗೆಯುವ ಚಟ ಇದ್ದರೆ ಬಿಟ್ಟುಬಿಡಿ.

ಬಂಡೆಯ ಗುಂಡಿಗಳಲ್ಲಿ ನಿಂತ ನೀರನ್ನು ಸುಮ್ನೆ ಐದು ನಿಮಿಷ ನೋಡುತ್ತಾ ಕೂರಿ. ಮೊದಲು ಏನೂ ಕಾಣಿಸುವುದಿಲ್ಲ. ಆಮೇಲೆ ಒಂದು ಶಂಖ ನಡೆಯುತ್ತದೆ. ನೋಡಿದರೆ ಒಳಗೆ ಸನ್ಯಾಸಿ ಏಡಿ. ನೀಲಿಕಲ್ಲು ಎಂಬ ಚಿಪ್ಪಿನ ಜೀವಿ, ಬಂಡೆಗೆ ಅಂಟಿದ ಗಟ್ಟಿ ಚಿಪ್ಪಿನ ಪುಟ್ಟ ಬಾರ್ನಕಲ್, ಮುಟ್ಟಿದರೆ ಮುದುಡುವ ಕಡಲ ಹೂವು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ತೋಟದಲ್ಲಿ ಮಾಡಿದ ಟೇಪ್ ಲೆಕ್ಕವನ್ನು ಇಲ್ಲಿ ಬಂಡೆ ಮೇಲೆ ಮಾಡಿ. ಶಂಕುವಿನ ಆಕಾರದ ಜೀವಂತ ಶಂಖ ಕಂಡರೆ ಮಾತ್ರ ಕೈಯಿಂದ ಎತ್ತಬೇಡಿ. ಕೋನ್ ಶಂಖಗಳು ವಿಷದ ಮುಳ್ಳು ಚುಚ್ಚುತ್ತವೆ, ಕೆಲವು ಜಾತಿಗಳ ವಿಷಕ್ಕೆ ಜನ ಸತ್ತಿದ್ದಾರೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ ಪ್ರವಾಸಿಗರಿಂದ ತುಂಬಿರುತ್ತದೆ. ಆದರೂ ಒಮ್ಮೆ ನೋಡಬೇಕು. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾದಿಂದ ಆದವು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಚಳಿಗಾಲದಲ್ಲಿ ಹೊನ್ನಾವರ, ಕುಂದಾಪುರ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರೂ ಸ್ಥಳೀಯ ಮೀನುಗಾರರೂ ಗೂಡು ಕಾಯುತ್ತಾರೆ. ಅವರನ್ನು ಕೇಳಿಕೊಂಡು ಒಂದೆರಡು ರಾತ್ರಿ ಜೊತೆಗೆ ನಡೆದು ಬಂದರೆ, ದ್ವೀಪದ ಕೇಂದ್ರಕ್ಕೆ ಬರೆಯುವ ಪತ್ರದಲ್ಲಿ ಒಂದು ನಿಜವಾದ ಸಾಲು ಸೇರುತ್ತದೆ.

ನೇತ್ರಾಣಿ, ಡೈವಿಂಗ್, ಮತ್ತು ವಾಪಸ್ ಘಟ್ಟ ಹತ್ತುವ ವಿಷಯ

ಕರ್ನಾಟಕದಲ್ಲಿ ಡೈವಿಂಗ್ ಕಲಿಯುವ ಜಾಗ ಎಂದರೆ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ. ದಡದಿಂದ ಸುಮಾರು 19 ಕಿಲೋಮೀಟರ್. ಅಕ್ಟೋಬರಿನಿಂದ ಮೇವರೆಗೆ ದೋಣಿ ಹೋಗುತ್ತದೆ. ದ್ವೀಪದ ಮೇಲೆ ಹತ್ತುವುದಿಲ್ಲ, ದೋಣಿಯಿಂದಲೇ ನೀರಿಗೆ. ಹಾಸನದ ಮೇಲೆ ಹಾದು ಕರಾವಳಿಗೆ ಹೋಗುವ ರಾತ್ರಿ ರೈಲುಗಳಿವೆ, ಬೆಳಿಗ್ಗೆ ಮುರ್ಡೇಶ್ವರದಲ್ಲಿ ಇಳಿಯಬಹುದು. ಚಾರ್ಮಾಡಿ ತಿರುವಿನಲ್ಲಿ ಬಸ್ಸಿನ ಕಿಟಕಿ ಹುಡುಕುವವರು ದೋಣಿಗೂ ಮಾತ್ರೆ ಇಟ್ಟುಕೊಳ್ಳಿ, ಹತ್ತುವ ಒಂದು ಗಂಟೆ ಮುಂಚೆ ನುಂಗಿ. ಹತ್ತಿದ ಮೇಲೆ ನುಂಗಿದರೆ ಅದು ಮೀನಿನ ಪಾಲು.

ಒಂದು ಸಲ ಮುಳುಗಿ ಫೋಟೊ ತೆಗೆಸಿಕೊಳ್ಳುವ ಡೈವ್ ಬೇರೆ, ಓಪನ್ ವಾಟರ್ ಎಂಬ ಆ ಮೊದಲ ಕೋರ್ಸ್ ಬೇರೆ. ಸಂಶೋಧನಾ ಕೆಲಸಕ್ಕೆ ಬೇಕಿರುವುದು ಎರಡನೆಯದು. ಅದು ಮುಗಿದರೆ 18 ಮೀಟರ್ ಆಳದವರೆಗೆ ಜೊತೆಗಾರರ ಸಂಗಡ ಇಳಿಯಬಹುದು. ಶೀತ, ಮೂಗು ಕಟ್ಟಿದ್ದು ಇದ್ದರೆ ಇಳಿಯಬೇಡಿ, ಕಿವಿ ಹೋಗುತ್ತದೆ. ಆರೋಗ್ಯದ ನಮೂನೆಯಲ್ಲಿ ಅಸ್ತಮಾ ಮುಚ್ಚಿಡಬೇಡಿ.

ಈಗ ಘಟ್ಟದ ಮೇಲಿನವರು ತಪ್ಪದೆ ತಿಳಿಯಬೇಕಾದ ವಿಷಯ. ಡೈವ್ ಮಾಡಿದ ಮೇಲೆ ಕೂಡಲೇ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಉಳಿದಿರುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಳಾಗುತ್ತದೆ. ಕೀಲು ನೋವು, ಮರಗಟ್ಟುವುದು, ಕೆಲವೊಮ್ಮೆ ಲಕ್ವ. ಆದರೆ ಗುಳ್ಳೆಗೆ ವಿಮಾನ ಯಾವುದು, ಬಸ್ಸು ಯಾವುದು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಎತ್ತರ ಮಾತ್ರ ಗೊತ್ತು. ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್ ಕೊಟ್ಟಿರುವ ಸಲಹೆ 2,000ದಿಂದ 8,000 ಅಡಿ ಎತ್ತರಕ್ಕೆ ಅನ್ವಯಿಸುತ್ತದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಹಾಸನ ಇರುವುದೇ 3,000 ಅಡಿ ಮೇಲೆ. ಚಿಕ್ಕಮಗಳೂರು ಅದಕ್ಕಿಂತ ಎತ್ತರ. ಮಂಗಳೂರಿನವರು ಡೈವ್ ಮುಗಿಸಿ ಸಂಜೆ ಮನೆಗೆ ಹೋಗಿ ಮಲಗಬಹುದು. ನೀವು ಕಾರು ತೆಗೆದು ಅದೇ ಸಂಜೆ ಶಿರಾಡಿ ಹತ್ತುವ ಹಾಗಿಲ್ಲ. ಆ ರಾತ್ರಿ ಮುರ್ಡೇಶ್ವರದಲ್ಲೋ ಉಡುಪಿಯಲ್ಲೋ ಉಳಿದು, ಮಾರನೇ ದಿನ ಮಧ್ಯಾಹ್ನದ ಮೇಲೆ ಘಟ್ಟ ಹತ್ತಿ. ಬುಕ್ ಮಾಡುವಾಗಲೇ "ನಾವು ಘಟ್ಟದ ಮೇಲಿನವರು" ಅಂತ ಬೋಧಕರಿಗೆ ತಿಳಿಸಿ. ಕೆಳಗಿನವರಿಗೆ ಇದು ನೆನಪಾಗದಿರುವುದೇ ಹೆಚ್ಚು.

ಪತ್ರ ಬರೆಯುವ ರೀತಿ

"ನನಗೆ ಚಿಕ್ಕಂದಿನಿಂದ ಸಮುದ್ರ ಎಂದರೆ ಪ್ರಾಣ" ಅಂತ ಶುರುವಾಗುವ ಪತ್ರಗಳು ಕೇಂದ್ರಗಳಿಗೆ ರಾಶಿ ರಾಶಿ ಬರುತ್ತವೆ. ನೀವು ಹೀಗೆ ಬರೆಯಿರಿ:

"ನಾನು ಬೇಲೂರಿನವಳು, ಬಿ.ಎಸ್ಸಿ ಎರಡನೇ ವರ್ಷ. ಏಪ್ರಿಲ್ 10ರಿಂದ ಮೇ 25ರವರೆಗೆ ಬಿಡುವಿದೆ. 200 ಮೀಟರ್ ಈಜುತ್ತೇನೆ. ನಮ್ಮ ತೋಟದಲ್ಲಿ ಐದು ಟೇಪ್ ಸಾಲು ಹಾಕಿ ತಿಂಗಳಿಗೊಮ್ಮೆ ನೆಲದ ಹೊದಿಕೆ ಎಣಿಸುತ್ತಿದ್ದೇನೆ, ಹಾಳೆ ಲಗತ್ತಿಸಿದೆ. ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಜೋಡಿಸಲು ಬರುತ್ತದೆ. ಅಡುಗೆ ಬರುತ್ತದೆ. ಊಟ, ವಸತಿಗೆ ಎಷ್ಟು ಕೊಡಬೇಕಾಗುತ್ತದೆ ತಿಳಿಸಿ."

ಪಂಪ್‌ಸೆಟ್ ಸಾಲನ್ನು ನಾಚಿಕೆಯಿಂದ ಬಿಡಬೇಡಿ. ದ್ವೀಪದಲ್ಲಿ ಜನರೇಟರ್ ಕೆಟ್ಟರೆ ಮೆಕ್ಯಾನಿಕ್ ಬರುವುದು ಹಡಗು ಬಂದ ಮೇಲೆ. ದುಡ್ಡಿನ ವಿಷಯ ಮೊದಲೇ ಕೇಳುವುದೂ ತಪ್ಪಲ್ಲ. ಬಹಳ ಕಡೆ ವಸತಿ, ಊಟಕ್ಕೆ ನೀವೇ ಕೊಡಬೇಕಾಗುತ್ತದೆ. ಹಾಗಂತ ಸಂರಕ್ಷಣೆ ಹೆಸರಲ್ಲಿ ದೊಡ್ಡ ಮೊತ್ತ ಕೇಳುವವರೂ ಇದ್ದಾರೆ. ಅಂಥವರ ಹತ್ತಿರ ಹಿಂದೆ ಬಂದವರು ಏನು ಕೆಲಸ ಮಾಡಿದರು, ಆ ಲೆಕ್ಕ ಎಲ್ಲಿ ಪ್ರಕಟವಾಯಿತು, ದ್ವೀಪದ ಜನ ಎಷ್ಟು ಮಂದಿ ಸಂಬಳಕ್ಕಿದ್ದಾರೆ ಅಂತ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಬಿಟ್ಟುಬಿಡಿ.

ಯಾವಾಗ ಹೋಗುವುದು, ಯಾವ ಕಾಗದ ಬೇಕು

ಕಡಲು ಶಾಂತವಾಗಿರುವ ಡಿಸೆಂಬರ್, ಜನವರಿಯಲ್ಲೇ ನಮ್ಮಲ್ಲಿ ಕಾಫಿ ಕೊಯ್ಲು. ಅರೇಬಿಕಾ ಮುಗಿಯಿತು ಅನ್ನುವಾಗ ರೋಬಸ್ಟಾ, ಅದರ ಬೆನ್ನಿಗೆ ಹೂವಿಗೆ ನೀರು ಹಾಯಿಸುವ ಕೆಲಸ. ತೋಟದ ಮನೆಯವರಿಗೆ ನಿಜವಾಗಿ ಬಿಡುವಾಗುವುದು ಏಪ್ರಿಲ್‌ಗೆ. ಅದು ಕೆಟ್ಟ ಕಾಲವೇನಲ್ಲ. ಪರೀಕ್ಷೆಯೂ ಮುಗಿದಿರುತ್ತದೆ, ಹವಳ ಬೆಳ್ಳಗಾಗುವುದೂ ಹೆಚ್ಚಾಗಿ ಆ ಸೆಕೆಗಾಲದಲ್ಲೇ. ಮೇ ಕೊನೆಗೆ ವಾಪಸ್ ಬಂದುಬಿಡಿ.

ಅಂಡಮಾನಿಗೆ ಭಾರತೀಯರಿಗೆ ಸಾಮಾನ್ಯ ಜಾಗಗಳಿಗೆ ಪರವಾನಗಿ ಬೇಡ. ಬುಡಕಟ್ಟು ಮೀಸಲು ಪ್ರದೇಶ, ನಿಕೋಬಾರ್ ಬೇರೆ ಮಾತು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರಾಗಿದೆ, ಟಿಕೆಟ್ ಹುಡುಕುವಾಗ ಗಲಿಬಿಲಿ ಬೇಡ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಸಂಶೋಧನೆಗೆ ಬೇರೆ ಅನುಮತಿ ಇದೆ, ಅದನ್ನು ಕೇಂದ್ರದವರೇ ಹೇಳುತ್ತಾರೆ. ಪ್ರವಾಸಿ ಪರವಾನಗಿಯಲ್ಲಿ ಹೋಗಿ ಲೆಕ್ಕ ಹಾಕುತ್ತೇನೆ ಅನ್ನಬೇಡಿ.

ಅಲ್ಲಿ ಇರುವಾಗ

ನೀರು. ಹಂಡೆ ತುಂಬ ಕಾಯಿಸಿ ಹುಯ್ದುಕೊಳ್ಳುವ ಮಲೆನಾಡಿನವರಿಗೆ ಇದೇ ಮೊದಲ ಪೆಟ್ಟು. ಹವಳದ ದ್ವೀಪದಲ್ಲಿ ಹೊಳೆ ಇಲ್ಲ. ಮಳೆ ನೀರು ಇಂಗಿ, ಉಪ್ಪು ನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಜಾಸ್ತಿ ಎತ್ತಿದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಕವರತ್ತಿಯಲ್ಲಿ ಆಳ ಸಮುದ್ರದ ತಣ್ಣೀರು ಬಳಸಿ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕವನ್ನು 2005ರಲ್ಲಿ ಶುರು ಮಾಡಿದ್ದು ಇದೇ ಕಷ್ಟಕ್ಕೆ. ಅರ್ಧ ಬಕೆಟ್ ಸ್ನಾನ ಮನೆಯಲ್ಲೇ ರೂಢಿ ಮಾಡಿಕೊಳ್ಳಿ.

ಊಟ ಮೀನು. ಸಸ್ಯಾಹಾರಿಗಳು ಮೊದಲೇ ಹೇಳಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬು ತೋಳಿನ ಈಜು ಅಂಗಿ ಹಾಕಿ. ವಂಡೂರಿನ ಕಡಲ ತೀರದಲ್ಲಿ ಮೊಸಳೆ ಎಚ್ಚರಿಕೆಯ ಫಲಕಗಳಿವೆ. ಅವು ಅಲಂಕಾರಕ್ಕೆ ಹಾಕಿದ್ದಲ್ಲ.

ಸತ್ತ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ. ದಿಬ್ಬ ಕಟ್ಟುವ ಹವಳ, ಕಡಲ ಸೌತೆ ಎಂಬ ಪ್ರಾಣಿ, ಕಡಲ ಕುದುರೆ ಎಲ್ಲಾ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ "ದಡದಲ್ಲಿ ಬಿದ್ದಿತ್ತು ಸಾರ್" ಅನ್ನುವುದು ನಡೆಯುವುದಿಲ್ಲ.

ಮುಂದೆ ಓದಬೇಕೆನಿಸಿದರೆ

ಪಿಯುಸಿ ಮುಗಿಸುವವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. 1969ರಲ್ಲಿ ಶುರುವಾದ ಇದು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಬಿ.ಎಸ್ಸಿ ಆದವರಿಗೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಪೋರ್ಟ್ ಬ್ಲೇರ್‌ನಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ ಇವೆ. ಮೀನುಗಾರಿಕಾ ಕಾಲೇಜಿನ ಪದವಿಯಾದ ಬಿ.ಎಫ್.ಎಸ್ಸಿ ಸೀಟು ಸಿಇಟಿ ಮೂಲಕ. ಅದರಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಕಾಫಿ ಬೆಳೆಗಾರರ ಮಕ್ಕಳು ಎಷ್ಟೋ ಜನ ಅರ್ಜಿ ತುಂಬುವಾಗ ಆ ಕಾಲಂ ನೋಡುವುದೇ ಇಲ್ಲ. ಕೃಷಿಕ ಪ್ರಮಾಣಪತ್ರವನ್ನು ತಾಲ್ಲೂಕು ಕಚೇರಿಯಿಂದ ಮುಂಚೆಯೇ ಮಾಡಿಸಿಡಿ. ಕೊನೇ ವಾರದಲ್ಲಿ ಅಲ್ಲಿ ಸಾಲು ಬಾಗಿಲಾಚೆ ಬಂದಿರುತ್ತದೆ.